ಕನಿಕರವಲ್ಲ, ಮೈತ್ರಿ

ದಲಿತ ಸಾಹಿತ್ಯ ಎಂದಕೂಡಲೇ ಕನ್ನಡ ವಿಮರ್ಶೆಯ ನಾಲಗೆಗೆ ಮೊದಲು ಬರುವ ಪದ ಆಕ್ರೋಶ. ಎಪ್ಪತ್ತರ ದಶಕದಿಂದ ಇಲ್ಲಿಯತನಕ ಈ ಪದವನ್ನು ಹೊಗಳುವುದಕ್ಕೂ ಬಳಸಿದ್ದಾರೆ, ತೆಗಳುವುದಕ್ಕೂ ಬಳಸಿದ್ದಾರೆ. ಹೊಗಳುವವರು ‘ಎಂಥ ಪ್ರಾಮಾಣಿಕ ಆಕ್ರೋಶ’ ಎಂದರು. ತೆಗಳುವವರು ‘ಬರೀ ಆಕ್ರೋಶ, ಕಲೆಯಾಗಬೇಕಾದರೆ ಇನ್ನೂ ಮಾಗಬೇಕು’ ಎಂದರು. ಇಬ್ಬರೂ ಒಳಗೊಳಗೇ ಒಪ್ಪಿಕೊಂಡಿದ್ದ ಸಂಗತಿ ಒಂದೇ: ದಲಿತನಿಗೆ ಸಿಟ್ಟು ಬರುತ್ತದೆ, ಆದರೆ ಪ್ರೀತಿ ಬೇರೆಯವರ ಆಸ್ತಿ. ಪ್ರೀತಿ, ದಯೆ, ಕ್ಷಮೆ ಇವೆಲ್ಲ ಊರೊಳಗಿನವರ ಕಣಜದಲ್ಲಿರುವ ದವಸ. ಅವರು ಅಳೆದು ಹಾಕಿದಷ್ಟನ್ನು ಕೇರಿಯವರು ಸೆರಗೊಡ್ಡಿ ತಗೋಬೇಕು.

ನಮ್ಮ ಕಡೆಯೂ ಒಂದು ತೊಡಕಿದೆ. ಅಧ್ಯಯನ ಶಿಬಿರಗಳಲ್ಲಿ ಹುಡುಗರು ನನ್ನನ್ನು ಕೇಳಿದ್ದಾರೆ: ‘ಅಣ್ಣಾ, ಪ್ರೀತಿ ಗೀತಿ ಅಂತ ಮಾತಾಡೋದು ನಮ್ಮನ್ನ ಮೆತ್ತಗೆ ಮಾಡೋ ಹುನ್ನಾರ ಅಲ್ವಾ?’ ಈ ಗುಮಾನಿಯನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಕಾರಣವಿದೆ. ಗುಡಿಸಲಿಗೆ ಬೆಂಕಿ ಬಿದ್ದ ಮಾರನೇ ದಿನ ಶಾಂತಿಸಭೆ ಕರೆದು, ಸುಟ್ಟುಕೊಂಡವರಿಗೇ ‘ಪ್ರೀತಿಯಿಂದ ಬಾಳ್ರಪ್ಪಾ’ ಎಂದು ಬುದ್ಧಿ ಹೇಳುವುದನ್ನು ನಾವೆಲ್ಲ ನೋಡಿದ್ದೇವೆ. ಬೆಂಕಿ ಹಚ್ಚಿದವರಿಗೆ ಆ ಮಾತು ಹೇಳಿದ್ದನ್ನು ನೋಡಿದವರು ಕಮ್ಮಿ.

ಆದರೂ ಪ್ರೀತಿ ಎಂಬ ಮಾತನ್ನು ಹೀಗೆ ಬಿಟ್ಟುಕೊಟ್ಟು ಕೂರುವುದು ಸರಿಯಲ್ಲ ಎಂಬುದು ನನ್ನ ವಾದ. ನೋವುಂಡ ಜನ ತಮ್ಮ ನೀತಿಯನ್ನು ಯಾವುದರ ಮೇಲೆ ಕಟ್ಟಿಕೊಂಡರು? ದೇವರ ಭಯದ ಮೇಲಾ? ದೇವಸ್ಥಾನದ ಬಾಗಿಲೇ ಅವರಿಗೆ ಮುಚ್ಚಿತ್ತು. ಶಾಸ್ತ್ರದ ಮೇಲಾ? ಶಾಸ್ತ್ರ ಅವರ ಕಿವಿಗೆ ಬೀಳಬಾರದೆಂದು ಕಟ್ಟಳೆಯಿತ್ತು. ಸರ್ಕಾರದ ಕಾನೂನಿನ ಮೇಲಾ? ಕಾನೂನು ಅವರ ಕೇರಿಗೆ ಬರುತ್ತಿದ್ದದ್ದು ಪೊಲೀಸರ ಬೂಟಿನ ಸದ್ದಿನ ಜೊತೆ. ಹಾಗಿದ್ದೂ ಅಲ್ಲಿ ನೀತಿ ಇತ್ತು, ಮರ್ಯಾದೆ ಇತ್ತು, ಹಂಚಿ ತಿನ್ನುವ ಗುಣ ಇತ್ತು. ಇದಕ್ಕೆ ಬುಡ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ನಾವು ಬಾಬಾಸಾಹೇಬ್ ಅಂಬೇಡ್ಕರರ ಬಾಳಿನ ಕೊನೆಯ ಮೂವತ್ತು ವರ್ಷಗಳ ಚಿಂತನೆಗೆ ಬರುತ್ತೇವೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

1. ಹಡಗಿನಿಂದ ಬರೆದ ಕಾಗದ

1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ತನ್ನ ಕೋಮುವಾರು ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಸೆಪ್ಟೆಂಬರ್ 20ರಂದು ಗಾಂಧೀಜಿ ಯರವಾಡ ಜೈಲಿನಲ್ಲಿ ಅದರ ವಿರುದ್ಧ ಉಪವಾಸ ಕೂತರು. 24ರಂದು ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಅದೇ ತಿಂಗಳ ಕೊನೆಗೆ ಮುಂಬಯಿಯಲ್ಲಿ ಅಸ್ಪೃಶ್ಯತಾ ವಿರೋಧಿ ಸಂಘ ಹುಟ್ಟಿತು. ಘನಶ್ಯಾಮದಾಸ್ ಬಿರ್ಲಾ ಅಧ್ಯಕ್ಷರು, ಅಮೃತಲಾಲ್ ಠಕ್ಕರ್ ಕಾರ್ಯದರ್ಶಿ. ಮುಂದೆ ಹರಿಜನ ಸೇವಕ ಸಂಘ ಎನಿಸಿಕೊಂಡದ್ದು ಇದೇ.

ಒಪ್ಪಂದಕ್ಕೆ ಸಹಿ ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಅಂಬೇಡ್ಕರರು ಮೂರನೆಯ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೊರಟಿದ್ದರು. ವಿಕ್ಟೋರಿಯಾ ಎಂಬ ಹಡಗಿನಲ್ಲಿ ಕೂತು ನವೆಂಬರ್ 14ರಂದು ಠಕ್ಕರರಿಗೆ ಒಂದು ಉದ್ದನೆಯ ಕಾಗದ ಬರೆದರು. ಸಂಘ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಸಲಹೆ ಅದರಲ್ಲಿತ್ತು. ಈ ಕಾಗದಕ್ಕೆ ಬಂತು ಎಂಬ ಒಂದು ಸಾಲಿನ ಉತ್ತರವೂ ಬರಲಿಲ್ಲವೆಂದು ಅವರೇ 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರೆಂದು ವಿಚಾರಿಸುವ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಪೂರ್ತಿ ಕಾಗದವನ್ನೂ ಅಲ್ಲಿ ಕೊಟ್ಟಿದ್ದಾರೆ.

ಆ ಕಾಗದದ ತಿರುಳು ಹೀಗಿದೆ. ಕೆಳಗೆ ಬಿದ್ದವರನ್ನು ಎತ್ತುವುದಕ್ಕೆ ಎರಡು ದಾರಿ ಇವೆ. ಮೊದಲನೆಯ ದಾರಿಯವರು ಬಡವನ ದುಃಖಕ್ಕೆ ಅವನ ನಡತೆಯೇ ಕಾರಣ ಎಂದು ನಂಬುತ್ತಾರೆ. ಹಾಗಾಗಿ ಕುಡಿತ ಬಿಡಿಸುವುದು, ಗರಡಿಮನೆ ಕಟ್ಟುವುದು, ಪುಸ್ತಕಾಲಯ ತೆಗೆಯುವುದು ಇಂಥ ಕೆಲಸಕ್ಕೆ ಇಳಿಯುತ್ತಾರೆ. ಎರಡನೆಯ ದಾರಿಯವರು ಅವನ ಸುತ್ತಲಿನ ಪರಿಸ್ಥಿತಿ ಕಾರಣ ಎಂದು ತಿಳಿಯುತ್ತಾರೆ. ಅಂಬೇಡ್ಕರರು ಎರಡನೆಯದನ್ನು ಹಿಡಿಯಿರಿ ಎಂದರು. ಬಾವಿ, ಶಾಲೆ, ಚಾವಡಿ, ಗಾಡಿ ಇವುಗಳ ಹಕ್ಕಿಗಾಗಿ ಹಳ್ಳಿಹಳ್ಳಿಯಲ್ಲಿ ಹೋರಾಟವಾಗಬೇಕು. ಅಲ್ಲಿ ಗಲಾಟೆಯಾಗುತ್ತದೆ, ತಲೆ ಒಡೆಯುತ್ತವೆ, ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ, ಆಗಲಿ. ಸವರ್ಣೀಯ ತನ್ನ ರೂಢಿಯ ದಾರಿಯಲ್ಲಿ ಎಡವಿ ಬಿದ್ದ ಹೊರತು ಯೋಚನೆ ಮಾಡುವುದಿಲ್ಲ. ಉದ್ಯೋಗದಲ್ಲಿ ಸಮಾನ ಅವಕಾಶ ಬೇಕು. ಮುಂಬಯಿ ಗಿರಣಿಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯ ಕಾರ್ಮಿಕನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದನ್ನು ನೆನೆಯಿರಿ. ಕೊನೆಯದಾಗಿ, ಮನೆಯ ಒಳಕ್ಕೆ ಕರೆದುಕೊಳ್ಳಬೇಕು, ಅತಿಥಿಯಾಗಿಯಾದರೂ ಸರಿ, ಆಳಾಗಿಯಾದರೂ ಸರಿ.

ಇಷ್ಟು ಬಿರುಸಾದ ಕಾಗದ ಮುಗಿಯುವುದು ಪ್ರೀತಿಯ ಮಾತಿನಲ್ಲಿ. ಸ್ಪೃಶ್ಯರನ್ನೂ ಅಸ್ಪೃಶ್ಯರನ್ನೂ ಯಾವ ಚುನಾವಣಾ ಕಾನೂನೂ ಕೂಡಿಸಿ ಹಿಡಿಯಲಾರದು, ಪ್ರೀತಿಯೊಂದೇ ಹಿಡಿಯಬಲ್ಲದು ಎನ್ನುತ್ತಾರೆ. ಪ್ರೀತಿಸುವವರು ಮಾತ್ರ ಸೇವೆ ಮಾಡಬಲ್ಲರು ಎಂಬ ಟಾಲ್‌ಸ್ಟಾಯ್‌ನ ವಿಚಾರವನ್ನು ನೆನೆಸಿಕೊಂಡು, ಆ ಪರೀಕ್ಷೆಯಲ್ಲಿ ಅಸ್ಪೃಶ್ಯರೊಳಗಿಂದ ಬಂದ ಕಾರ್ಯಕರ್ತರೇ ಹೆಚ್ಚಾಗಿ ಗೆಲ್ಲುತ್ತಾರೆ ಎನ್ನುತ್ತಾರೆ. ಆಮೇಲೆ ಬರುವ ವಿಚಾರ ಈ ಲೇಖನಕ್ಕೆಲ್ಲ ತಳಪಾಯ: ಕುಟುಂಬದ ಹೊರಗೆ ಪ್ರೀತಿ ಹುಟ್ಟುವ ಸಾಧ್ಯತೆಯನ್ನು ತೆರೆಯಬಲ್ಲದ್ದು ನ್ಯಾಯ ಮಾತ್ರ. ಆದ್ದರಿಂದ ಸ್ಪೃಶ್ಯ ತಾನಾಗಿ ನ್ಯಾಯ ಕೊಡಲಿ, ಕೊಡದಿದ್ದರೆ ಕೊಡುವಂತೆ ಮಾಡುವುದು ಸಂಘದ ಕರ್ತವ್ಯ.

ಠಕ್ಕರ್ ಕೆಟ್ಟ ಮನುಷ್ಯರಲ್ಲ. ಭಿಲ್ಲರ ನಡುವೆ ವರ್ಷಗಟ್ಟಲೆ ದುಡಿದವರು. ಪ್ರಶ್ನೆ ಒಬ್ಬರ ಒಳ್ಳೆಯತನದ್ದಲ್ಲ. ಗಾಂಧೀಜಿಯವರ ದಾರಿಯಲ್ಲಿ ಸವರ್ಣೀಯನ ಹೃದಯ ಮೊದಲು ಕರಗಬೇಕು, ಕರಗಿದ ಮೇಲೆ ಬಾವಿ ತೆರೆಯುತ್ತದೆ. ಅಂಬೇಡ್ಕರರ ದಾರಿಯಲ್ಲಿ ಬಾವಿ ಮೊದಲು ತೆರೆಯಬೇಕು. ಒಂದೇ ಹಗ್ಗ ಹಿಡಿದು ನೀರು ಸೇದಿದ ಮೇಲೆ ಹೃದಯ ಕರಗಬಹುದು. ಇಬ್ಬರೂ ಪ್ರೀತಿಯನ್ನು ನಂಬಿದವರೇ. ಮುಂಚೆ ಯಾವುದು, ಆಮೇಲೆ ಯಾವುದು ಎಂಬಲ್ಲಿ ಜಗಳ. ನಮ್ಮ ವಿಮರ್ಶಕರು ಈ ಜಗಳವನ್ನು ಪ್ರೀತಿಗೂ ದ್ವೇಷಕ್ಕೂ ನಡೆದ ಜಗಳವೆಂದು ಓದಿದರು.

2. ಒಳ್ಳೆಯ ಯಜಮಾನ್ತಿ

ಕನಿಕರಕ್ಕೂ ನ್ಯಾಯಕ್ಕೂ ಇರುವ ಅಂತರ ಪುಸ್ತಕ ಓದಿ ಕಲಿಯುವಂಥದ್ದಲ್ಲ. ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನ್ತಿ ನಿಜಕ್ಕೂ ಒಳ್ಳೆಯ ಹೆಂಗಸು. ಅವ್ವನಿಗೆ ಜ್ವರ ಬಂದರೆ ಗಂಜಿಗೆ ಅಕ್ಕಿ ಕಳಿಸೋರು. ನಾನು ಪರೀಕ್ಷೆ ಪಾಸಾದಾಗ ಹಳೇ ಷರಟು ಕೊಟ್ಟಿದ್ದರು. ಆದರೆ ನೀರು ಕೇಳಿದರೆ ಆಯಮ್ಮ ಜಗಲಿ ಮೇಲೆ ನಿಂತುಕೊಂಡು ಎತ್ತರದಿಂದ ಹೊಯ್ಯೋರು, ನಾವು ಕೆಳಗೆ ಬೊಗಸೆ ಒಡ್ಡಬೇಕು. ಮುದ್ದೆ ಹಾಕುವಾಗಲೂ ಅಷ್ಟೆ, ಕೈ ತಾಕದ ಹಾಗೆ. ಅವ್ವ ಹೇಳೋಳು, ‘ಆಯಮ್ಮನ ಮನ್ಸು ಬೆಣ್ಣೆ ಕಣ್ಮಗಾ. ಕೈ ಮಾತ್ರ ಆಯಮ್ಮಂದಲ್ಲ.’

ಕೈ ಆಯಮ್ಮನದಲ್ಲ! ಜಾತಿ ವ್ಯವಸ್ಥೆಯನ್ನು ಕುರಿತು ನಾನು ಆಮೇಲೆ ಓದಿದ ಸಮಾಜಶಾಸ್ತ್ರದಲ್ಲಿ ಇದಕ್ಕಿಂತ ಬಿಡಿಸಿ ಹೇಳಿದ್ದು ಸಿಗಲಿಲ್ಲ. ಮನಸ್ಸಿನಲ್ಲಿರುವ ಪ್ರೀತಿ ಕೈಗೆ ಬರದಂತೆ ತಡೆಯುವ ಏರ್ಪಾಡು ಅದು. ಯಜಮಾನ್ತಿಯೂ ಅದರೊಳಗೆ ಸಿಕ್ಕಿಬಿದ್ದವಳೇ. ಆದರೆ ಬೊಗಸೆ ಒಡ್ಡಿದವರ ಸಂಕಟಕ್ಕೂ ಹೊಯ್ದವರ ಸಂಕಟಕ್ಕೂ ಒಂದೇ ತೂಕ ಹಾಕುವುದು ಅನ್ಯಾಯ. ಕನಿಕರ ಮೇಲಿಂದ ಕೆಳಕ್ಕೆ ಹರಿಯುತ್ತದೆ, ಹರಿಯುವುದಕ್ಕೆ ಅದಕ್ಕೆ ಎತ್ತರ ಬೇಕು. ನೆಲ ಸಮವಾಗುವುದು ಅದಕ್ಕೆ ಬೇಡ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಹಾಡ್‌ಗೆ ಹೋಗೋಣ. ಮುಂಬಯಿ ಶಾಸನಸಭೆ 1923ರಲ್ಲಿ ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿ, ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದಿತು. ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಕೆರೆಯ ಹತ್ತಿರ ಮಾತ್ರ ಯಾರನ್ನೂ ಬಿಡಲಿಲ್ಲ. ದನ ಕುಡಿಯುತ್ತಿತ್ತು, ಮನುಷ್ಯರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರ ಜೊತೆ ನಡೆದುಹೋಗಿ ಅಲ್ಲಿ ನೀರು ಕುಡಿದರು. ಅವತ್ತೇ, ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಊರಲ್ಲಿ ಗುಲ್ಲೆಬ್ಬಿಸಿದರು. ಊಟಕ್ಕೆ ಕೂತಿದ್ದವರ ಮೇಲೆ, ಊರಿಗೆ ಹೊರಟಿದ್ದವರ ಮೇಲೆ ದೊಣ್ಣೆ ಬಿತ್ತು. ಹೊಡೆತ ತಿಂದ ಹಲವರಿಗೆ ಆಸರೆ ಸಿಕ್ಕಿದ್ದು ಮುಸ್ಲಿಮರ ಮನೆಗಳಲ್ಲಿ.

ಸೇರಿದ್ದವರಲ್ಲಿ ಸೈನ್ಯದಲ್ಲಿ ದುಡಿದು ಬಂದ ಮಹಾರರಿದ್ದರು, ಹೊಡೆದಾಟ ಬಲ್ಲವರು. ಒಂದು ಸನ್ನೆ ಸಿಕ್ಕಿದ್ದರೆ ಊರು ಉಳಿಯುತ್ತಿರಲಿಲ್ಲ. ಅಂಬೇಡ್ಕರರು ಸನ್ನೆ ಕೊಡಲಿಲ್ಲ. ಇದನ್ನು ಅಂಜಿಕೆ ಎನ್ನುವವರಿಗೆ ಮುಂದಿನ ಡಿಸೆಂಬರ್ ಉತ್ತರ ಕೊಡುತ್ತದೆ: ಅದೇ ಊರಿಗೆ ವಾಪಸ್ಸು ಬಂದು 25ನೇ ತಾರೀಖು ಮನುಸ್ಮೃತಿಯನ್ನು ಸುಟ್ಟರು. ಮನುಷ್ಯರ ಮೇಲೆ ಕೈ ಮಾಡದೆ, ಮನುಷ್ಯರ ಕೈ ಕಟ್ಟಿಹಾಕಿದ್ದ ಪುಸ್ತಕಕ್ಕೆ ಕೊಳ್ಳಿ ಇಟ್ಟರು. ಅವ್ವನ ಮಾತಿನಲ್ಲಿ ಹೇಳುವುದಾದರೆ, ಯಜಮಾನ್ತಿಯ ಕೈಯನ್ನು ಯಜಮಾನ್ತಿಗೇ ವಾಪಸ್ಸು ಕೊಡಿಸುವ ಕೆಲಸ ಅದು. ಸುಡುವ ಠರಾವನ್ನು ಮಂಡಿಸಿದವರು ಗಂಗಾಧರ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಪರಿಷತ್ತಿಗೆ ಯಾರೂ ಜಾಗ ಕೊಡದಿದ್ದಾಗ ಕೊಟ್ಟವರು ಒಬ್ಬ ಮುಸ್ಲಿಮರು. ಈ ಹೆಸರುಗಳನ್ನು ನಾವು ಹೇಳಿಕೊಳ್ಳುವುದು ಸವರ್ಣೀಯರಿಗೆ ಸರ್ಟಿಫಿಕೇಟು ಕೊಡುವುದಕ್ಕಲ್ಲ. ನ್ಯಾಯದ ಪಕ್ಕ ಬಂದು ನಿಂತವರ ಜೊತೆ ಪ್ರೀತಿ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಇತ್ತ ಮಾರ್ಚ್‌ನಲ್ಲಿ ಜನ ನೀರು ಕುಡಿದು ಹೋದ ಮೇಲೆ ಊರಿನವರು ಕೆರೆಯಿಂದ 108 ಗಡಿಗೆ ನೀರು ಎತ್ತಿ, ಸಗಣಿ ಗಂಜಲ ಹಾಲು ಮೊಸರು ಸುರಿದು ಮಂತ್ರ ಹೇಳಿ ಶುದ್ಧಿ ಮಾಡಿದರು. ಕೋರ್ಟಿಗೂ ಹೋದರು. ಮುಂಬಯಿ ಹೈಕೋರ್ಟಿನ ಕೊನೆಯ ತೀರ್ಪು ಅಸ್ಪೃಶ್ಯರ ಪರ ಬಂದಿದ್ದು 1937ರ ಮಾರ್ಚ್‌ನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

3. ರಮಾಬಾಯಿ ಮತ್ತು ಧಾರವಾಡದ ಬಳೆಗಳು

ಮಹಾಡ್‌ಗೆ ಎಂಟು ತಿಂಗಳು ಮುಂಚೆ, 1926ರ ಜುಲೈನಲ್ಲಿ, ಅಂಬೇಡ್ಕರರ ಮಗ ರಾಜರತ್ನ ತೀರಿಕೊಂಡ. ಐದು ಮಕ್ಕಳಲ್ಲಿ ಸತ್ತ ನಾಲ್ಕನೆಯದು ಅದು. ಉಳಿದವರು ಯಶವಂತ ಒಬ್ಬರೇ. ಚವದಾರ್ ಕೆರೆಯ ದಂಡೆಯಲ್ಲಿ ಬಗ್ಗಿದ ಮನುಷ್ಯ ಮಗನನ್ನು ಮಣ್ಣುಮಾಡಿ ಬಂದ ತಂದೆ ಎಂಬುದನ್ನು ನಮ್ಮ ಚರಿತ್ರೆ ಪುಸ್ತಕಗಳು ಬೇರೆ ಅಧ್ಯಾಯದಲ್ಲಿ ಇಡುತ್ತವೆ. ಮನೆ ಒಂದು ಕಡೆ, ಚಳವಳಿ ಒಂದು ಕಡೆ. ಬಾಳಿದವರಿಗೆ ಹಾಗಿರಲಿಲ್ಲ.

ರಮಾಬಾಯಿಯವರ ಚರಿತ್ರೆಗೆ ನಮ್ಮ ನೆಲದ ನಂಟಿದೆ. ಅಂಬೇಡ್ಕರರು 1928ರಲ್ಲಿ ಶುರುಮಾಡಿದ ಶಿಕ್ಷಣ ಸಂಸ್ಥೆ ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಅದರಲ್ಲಿ ಧಾರವಾಡವೂ ಒಂದು. ಆಗ ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ನಿಲಯದ ಹೊಣೆ ಹೊತ್ತವರು ಬಲವಂತ ವರಾಳೆ. ರಮಾಬಾಯಿ ಕೆಲವು ದಿನ ಧಾರವಾಡದಲ್ಲಿ ಅವರ ಮನೆಯಲ್ಲಿ ಇದ್ದರು. ಆ ದಿನಗಳ ಒಂದು ಸಂಗತಿಯನ್ನು ಚಳವಳಿಯ ಜನ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರೆ. ದಿನವೂ ಅಂಗಳದಲ್ಲಿ ಗದ್ದಲ ಮಾಡುತ್ತಿದ್ದ ಮಕ್ಕಳು ಒಂದೆರಡು ದಿನ ಕಾಣಲಿಲ್ಲವಂತೆ. ಯಾಕೆಂದು ಕೇಳಿದರೆ, ದವಸ ಮುಗಿದಿದೆ, ಸರ್ಕಾರದ ಹಣ ಬಂದಿಲ್ಲ, ಮಕ್ಕಳು ಉಪವಾಸ. ರಮಾಬಾಯಿ ತಮ್ಮ ಬಳೆಗಳನ್ನು ತೆಗೆದುಕೊಟ್ಟು, ಇದನ್ನು ಅಡವಿಟ್ಟೋ ಮಾರಿಯೋ ಮಕ್ಕಳಿಗೆ ಊಟ ಹಾಕಿ ಎಂದರಂತೆ.

ಈ ಕತೆಯನ್ನು ಭಾಷಣಗಳಲ್ಲಿ ‘ತ್ಯಾಗಮಯಿ ತಾಯಿ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ನನಗೆ ಆ ಓದು ಸಾಲದು. ನಾಲ್ಕು ಮಕ್ಕಳನ್ನು ಕಳಕೊಂಡ ಹೆಂಗಸು ಯಾರದೋ ಮಕ್ಕಳ ಹಸಿವನ್ನು ಅಂಗಳದ ಮೌನದಲ್ಲಿ ಕೇಳಿಸಿಕೊಂಡಳು. ನೋವು ಕೆಲವರನ್ನು ಕಲ್ಲು ಮಾಡುತ್ತದೆ, ಕೆಲವರ ಕಿವಿಯನ್ನು ಚುರುಕು ಮಾಡುತ್ತದೆ. ದುಃಖದಿಂದಲೇ ಒಳ್ಳೆಯತನ ಬರುತ್ತದೆ ಎಂದು ಹೇಳುವುದು ದುಃಖ ಕೊಡುವವರಿಗೆ ಅನುಕೂಲವಾದ ವೇದಾಂತ. ದುಃಖದ ನಡುವೆಯೂ ಆಕೆ ಈ ದಾರಿ ಆರಿಸಿಕೊಂಡಳು ಎಂಬಲ್ಲಿ ನೀತಿ ಇದೆ. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಪ್ರೀತಿಯ ಕೂಲಿಯನ್ನೆಲ್ಲ ಹೆಂಗಸರ ಮೇಲೆ ಹೊರಿಸಿ ಹೋರಾಟದ ಹೆಸರನ್ನು ಗಂಡಸರು ಇಟ್ಟುಕೊಂಡಿದ್ದೇವೆ. ರಮಾಬಾಯಿಗೆ ಹಾರ ಹಾಕುವಾಗಲಾದರೂ ಇದು ನೆನಪಿರಬೇಕು.

ಅವರಿಗೆ ಪಂಢರಪುರಕ್ಕೆ ಹೋಗುವ ಆಸೆಯಿತ್ತು. ಹೋದರೆ ವಿಠಲನನ್ನು ದೂರದಿಂದ ನೋಡಬೇಕು. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ಯಾಕೆ, ನಾವೇ ಬೇರೆ ಪಂಢರಪುರ ಕಟ್ಟೋಣ ಎಂಬ ಅರ್ಥದಲ್ಲಿ ಅಂಬೇಡ್ಕರರು ಸಮಾಧಾನ ಹೇಳಿದರು. 1935ರ ಮೇ 27ರಂದು ರಮಾಬಾಯಿ ಮುಂಬಯಿಯ ರಾಜಗೃಹದಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದೆ, ಹಿಂದೂವಾಗಿ ಸಾಯುವುದಿಲ್ಲ ಎಂಬ ಘೋಷಣೆ ಬಂತು. ಒಂದು ಇನ್ನೊಂದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಕೊನೆಗೂ ನೋಡಲಾಗದೆ ಹೋದ ಆ ಪಂಢರಪುರ ಇವರೆಡರ ನಡುವೆ ನಿಂತಿದೆ. ಪಾಕಿಸ್ತಾನವನ್ನು ಕುರಿತ ತಮ್ಮ ಪುಸ್ತಕವನ್ನು ಅವರು ‘ರಾಮು’ವಿಗೆ ಅರ್ಪಿಸಿದರು, ಗೆಳೆಯರಿಲ್ಲದ ಬಡತನದ ದಿನಗಳಲ್ಲಿ ಜೊತೆಗೂಡಿ ನೋವುಂಡವಳೆಂದು ನೆನೆದು.

ಪಂಢರಪುರದ ಮಾತು ಬಂದಾಗ ಭಕ್ತಿಯ ಮಾತು ಬರಲೇಬೇಕು. ಪ್ರೀತಿಯ ಬಗ್ಗೆ ಈ ದೇಶದಲ್ಲಿ ಭಕ್ತರಷ್ಟು ಹಾಡಿದವರು ಬೇರೆ ಯಾರು? ಮಹಾರನಾಗಿ ಹುಟ್ಟಿದ ಚೊಖಾಮೇಳ ವಿಠಲನನ್ನು ಬಾಳೆಲ್ಲ ಪ್ರೀತಿಸಿ ಗುಡಿಯ ಹೊರಗೇ ಉಳಿದ. ಅಂಬೇಡ್ಕರರು 1948ರ ತಮ್ಮ ಅಸ್ಪೃಶ್ಯರ ಮೂಲ ಕುರಿತ ಗ್ರಂಥವನ್ನು ನಂದನಾರ್, ರವಿದಾಸ, ಚೊಖಾಮೇಳ ಈ ಮೂವರಿಗೆ ಅರ್ಪಿಸಿದರು. ಅಂದರೆ ಅವರಿಗೆ ಸಂತರ ಮೇಲೆ ಅಗೌರವವಿರಲಿಲ್ಲ. ಆದರೆ 1936ರ ಜಾತಿ ವಿನಾಶದ ವಾದದ ಸಂದರ್ಭದಲ್ಲಿ ಗಾಂಧೀಜಿಗೆ ಕೊಟ್ಟ ಉತ್ತರದಲ್ಲಿ ಅವರ ತಕರಾರು ಖಚಿತವಾಗಿದೆ: ಸಂತರು ದೇವರ ಕಣ್ಣಿನಲ್ಲಿ ಎಲ್ಲರೂ ಸಮ ಎಂದರು, ಮನುಷ್ಯರು ಮನುಷ್ಯರಿಗೆ ಸಮ ಎಂದು ಜಾತಿಯ ಮೇಲೆ ಯುದ್ಧ ಹೂಡಲಿಲ್ಲ.

ಕನ್ನಡದವರಿಗೆ ಇಲ್ಲಿ ಕಲ್ಯಾಣ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರ ಪರಂಪರೆ ಹೇಳಿಕೊಂಡು ಬಂದ ಪ್ರಕಾರ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ತಂದೆಯರಿಬ್ಬರನ್ನೂ ಬಿಜ್ಜಳನ ಆಳ್ವಿಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದಿತು. ಕಲ್ಯಾಣ ಹೊತ್ತಿ ಉರಿಯಿತು. ದೇವರನ್ನು ಎಷ್ಟು ಪ್ರೀತಿಸಿದರೂ ರಾಜ್ಯಕ್ಕೆ ಅಡ್ಡಿಯಿರಲಿಲ್ಲ. ಪ್ರೀತಿ ಮನುಷ್ಯರ ನಡುವೆ ಇಳಿದು, ಹಂದರ ಹಾಕಿ, ಒಲೆ ಹೂಡಿದಾಗ ಆನೆ ಬಂತು. ಅಂಬೇಡ್ಕರರು ಜಾತಿಯನ್ನು ನಿಜಕ್ಕೂ ಕರಗಿಸುವ ಮದ್ದು ಅಂತರ್ಜಾತಿ ವಿವಾಹ ಎಂದದ್ದು ಇದಾದ ಎಂಟು ಶತಮಾನಗಳ ಮೇಲೆ. ಇವತ್ತಿಗೂ ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಲ್ಲುವ ಸುದ್ದಿ ನಮ್ಮ ಜಿಲ್ಲೆಗಳಿಂದಲೇ ಬರುತ್ತದೆ.

4. ಸಂವಿಧಾನದಿಂದ ಧಮ್ಮಕ್ಕೆ

ಸಂವಿಧಾನ ಸಭೆ 1947ರ ಜನವರಿಯಲ್ಲಿ ಒಪ್ಪಿದ ಧ್ಯೇಯಗಳ ನಿರ್ಣಯದಲ್ಲಿ ಬಂಧುತ್ವ ಎಂಬ ಮಾತಿರಲಿಲ್ಲ. ಅದನ್ನು ಪೀಠಿಕೆಗೆ ಸೇರಿಸಿದ್ದು ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ. 1948ರ ಫೆಬ್ರವರಿ 21ರಂದು ಕರಡನ್ನು ಒಪ್ಪಿಸುವ ಪತ್ರದಲ್ಲಿ ಅವರು ಇದನ್ನು ಬಿಡಿಸಿ ಹೇಳಿದರು: ನಿರ್ಣಯದಲ್ಲಿ ಇಲ್ಲದಿದ್ದರೂ ಸೇರಿಸಿದ್ದೇವೆ, ಸೋದರ ಸೌಹಾರ್ದದ ಅಗತ್ಯ ಈ ದೇಶಕ್ಕೆ ಹಿಂದೆಂದೂ ಇಷ್ಟು ಇರಲಿಲ್ಲ. ತಾರೀಖು ಗಮನಿಸಿ. ಗಾಂಧೀಜಿ ಕೊಲೆಯಾಗಿ ಮೂರು ವಾರ. ದೇಶ ಒಡೆದು ಆರು ತಿಂಗಳು.

ಕಾನೂನು ಬರೆಯುವ ಮನುಷ್ಯನಿಗೆ ಕಾನೂನಿನ ಮಿತಿ ಗೊತ್ತಿತ್ತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ರದ್ದಾದದ್ದನ್ನು ಆಚರಿಸುವವನಿಗೆ ಶಿಕ್ಷೆ ಕೊಡಬಹುದು, ಪಕ್ಕದಲ್ಲಿ ಕೂತು ಉಣ್ಣುವ ಮನಸ್ಸು ಕೊಡಲಾಗದು. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಬಿಡಿಯಾಗಿ ನೋಡಬಾರದೆಂದರು. ಬಂಧುತ್ವವಿಲ್ಲದೆ ಉಳಿದೆರಡು ಬರೀ ಬಳಿದ ಬಣ್ಣ. 1954ರ ಆಕಾಶವಾಣಿ ಭಾಷಣದಲ್ಲಿ, ಈ ಮೂರನ್ನು ನಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂದರು. ಮಹಾಡ್‌ನಲ್ಲಿ 1789ರ ಫ್ರೆಂಚ್ ಸಭೆಯನ್ನು ನೆನೆದಿದ್ದ ಮನುಷ್ಯ ಇಪ್ಪತ್ತೇಳು ವರ್ಷಗಳ ಮೇಲೆ ಇಷ್ಟು ದೂರ ನಡೆದು ಬಂದಿದ್ದರು.

ಆ ನಡಿಗೆ ಮುಗಿಯುವುದು ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ. ಅಲ್ಲಿ ಅವರ ವಾದ ಸರಳ, ಆದರೆ ಬೇರನ್ನು ಅಲ್ಲಾಡಿಸುವಂಥದು. ಧಮ್ಮದಲ್ಲಿ ದೇವರಿಗೆ ಜಾಗವಿಲ್ಲ. ಆ ಜಾಗದಲ್ಲಿ ನೀತಿ ಇದೆ. ನೀತಿ ಎಲ್ಲಿಂದ ಬರುತ್ತದೆ? ಮನುಷ್ಯ ಮನುಷ್ಯನನ್ನು ಪ್ರೀತಿಸಲೇಬೇಕಾದ ನೇರ ಅಗತ್ಯದಿಂದ. ಅದಕ್ಕೆ ದೇವರ ಅಪ್ಪಣೆ ಬೇಕಿಲ್ಲ. ಪರಲೋಕದ ಆಸೆಗಾಗಲೀ ನರಕದ ಭಯಕ್ಕಾಗಲೀ ಅಲ್ಲ, ತನ್ನ ಒಳ್ಳೆಯದಕ್ಕೇ ಮನುಷ್ಯ ಪ್ರೀತಿಸಬೇಕು. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಅದು ಸಾಲದು, ಮೈತ್ರಿ ಬೇಕು ಎನ್ನುತ್ತಾರೆ. ಮೈತ್ರಿ ಎಲ್ಲ ಜೀವಗಳಿಗೆ ಹರಡುವುದು, ಶತ್ರುವನ್ನೂ ಬಿಡದಿರುವುದು.

ಇಲ್ಲಿ ನಮ್ಮ ಹುಡುಗರು ಮತ್ತೆ ಕೇಳಬಹುದು: ‘ಶತ್ರುವನ್ನೂ ಪ್ರೀತಿಸೋದಾದ್ರೆ ಶಾಂತಿಸಭೆಯವರು ಹೇಳಿದ್ದೂ ಅದನ್ನೇ ಅಲ್ವಾ?’ ಅಲ್ಲ. ಎರಡು ಕಾರಣ ಕೊಡುತ್ತೇನೆ. ಒಂದು, ಅಂಬೇಡ್ಕರರ ಬುದ್ಧ ದುಃಖವನ್ನು ಹಿಂದಿನ ಜನ್ಮದ ಲೆಕ್ಕಕ್ಕೆ ಬರೆಯುವುದಿಲ್ಲ. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದಿಂದ ಹುಟ್ಟುವ ದುಃಖ ಅವನ ಎದುರಿಗಿದೆ, ಅದನ್ನು ಕಳೆಯುವುದೇ ಧಮ್ಮದ ಕೆಲಸ. ದುಃಖವನ್ನು ಒಪ್ಪಿಕೊಂಡು ಕೂರುವ ಪ್ರೀತಿಗೆ ಅಲ್ಲಿ ಜಾಗವಿಲ್ಲ. ಎರಡು, ಮೈತ್ರಿಯನ್ನು ಅವರು ತಲುಪಿದ್ದು ಮಹಾಡ್, ನಾಸಿಕ್, ಪೂನಾ, ಸಂವಿಧಾನ ಇವೆಲ್ಲವನ್ನೂ ದಾಟಿದ ಮೇಲೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹಿಂದೂ ಧರ್ಮದ ಹೊರಕ್ಕೆ ನಡೆದುಬಂದು ಆ ಮೇಲೆ ಎಲ್ಲ ಜೀವಗಳಿಗೆ ದಯೆ ತೋರುವ ಪ್ರತಿಜ್ಞೆ ತೊಟ್ಟರು. ಬೊಗಸೆ ಒಡ್ಡಿ ನಿಂತವನು ಮೈತ್ರಿ ಎಂದರೆ ಅದು ಬೇಡಿಕೆಯಂತೆ ಕೇಳುತ್ತದೆ. ಎದ್ದು ನಿಂತವನು ಎಂದಾಗ ಅದಕ್ಕೆ ಅರ್ಥ ಬರುತ್ತದೆ. ಹಡಗಿನ ಕಾಗದದಲ್ಲಿದ್ದ ಕ್ರಮ ಇಪ್ಪತ್ತನಾಲ್ಕು ವರ್ಷಗಳ ಮೇಲೂ ಬದಲಾಗಲಿಲ್ಲ.

5. ನಮ್ಮೊಳಗಿನ ಲೆಕ್ಕ

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಅಂಥ ಊರಿನಲ್ಲಿ ಮೈತ್ರಿಯ ಪಾಠ ಯಾರಿಗೆ ಹೇಳುವುದು? ಮೊದಲು ಕೋರ್ಟಿಗೆ, ಪೊಲೀಸು ಠಾಣೆಗೆ, ಜಮೀನಿನ ಪಹಣಿಗೆ ಹೇಳಬೇಕು. ಸಾಕ್ಷಿ ಹೇಳಿದವನು ಮಾರನೇ ದಿನವೂ ಅದೇ ಊರಿನಲ್ಲಿ ಕೂಲಿ ಕೇಳಬೇಕಾಗಿರುವ ತನಕ ನ್ಯಾಯವೂ ಇಲ್ಲ, ಅದು ತೆರೆಯಬಹುದಾದ ಪ್ರೀತಿಯೂ ಇಲ್ಲ.

ಆದರೆ ಇದೇ ಅಳತೆಗೋಲನ್ನು ನಮ್ಮ ಕೇರಿಗೂ ಹಿಡಿಯಬೇಕು. ಹೊಲಗೇರಿಗೂ ಮಾದಿಗರ ಕೇರಿಗೂ ನಡುವೆ ಇರುವ ಗೋಡೆಯನ್ನು ‘ನಾವೆಲ್ಲ ಅಣ್ತಮ್ಮಂದಿರು’ ಎಂಬ ಘೋಷಣೆಯಿಂದ ಮುಚ್ಚುತ್ತಾ ಬಂದಿದ್ದೇವೆ. ಮೀಸಲಾತಿಯಲ್ಲಿ ತಮ್ಮ ಪಾಲು ತಮಗೆ ಬರಲಿಲ್ಲವೆಂದು ಮಾದಿಗರು ಒಳಮೀಸಲಾತಿ ಕೇಳಿದಾಗ, ಒಗ್ಗಟ್ಟು ಒಡೀಬೇಡಿ, ಪ್ರೀತಿಯಿಂದ ಇರಿ ಎಂದವರು ನಮ್ಮಲ್ಲೇ ಇದ್ದರು. ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು. ವರದಿ ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು ಹೇಳಬೇಕಾಯಿತು. ಗಾಂಧೀಜಿಗೆ ನಾವು ಕೇಳಿದ ಪ್ರಶ್ನೆಯನ್ನೇ ನಮ್ಮ ತಮ್ಮಂದಿರು ನಮಗೆ ಕೇಳಿದ್ದಾರೆ: ಪಾಲು ಮೊದಲೋ, ಪ್ರೀತಿ ಮೊದಲೋ? ಉತ್ತರ ಹಡಗಿನ ಕಾಗದದಲ್ಲಿದೆ.

ಇನ್ನು ವಿಮರ್ಶೆಯ ಮಾತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಹಸಿವಿನ ಕತೆ, ಶೋಷಣೆಯ ಕತೆ ಎಂದು ಎಷ್ಟೋ ಸಲ ಓದಿದ್ದೇವೆ. ಸಾಕವ್ವ ಕಳೆದುಹೋದ ಹುಂಜಕ್ಕೆ ಊರೆಲ್ಲ ಹುಡುಕುತ್ತಾಳೆ. ರಾತ್ರಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು 
ಸುಲಿದು ತಿನ್ನುತ್ತಾರೆ. ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಕಾನೂನಿನ ಕಣ್ಣಿಗೆ ಅದು ಕಳ್ಳರ ಮನೆ. ಓದುವವನಿಗೆ ಆ ರಾತ್ರಿ ಕಾಣುವುದು ಒಬ್ಬರ ಹೊಟ್ಟೆ ಇನ್ನೊಬ್ಬರಿಗೆ ಗೊತ್ತಿರುವ, ಬೈದಾಡಿಕೊಂಡೂ ಹಂಚಿಕೊಳ್ಳುವ ಒಂದು ನೀತಿಯ ಲೋಕ. ಆಕ್ರೋಶ ಅಲ್ಲಿ ಎಲ್ಲೂ ಕಿರುಚುವುದಿಲ್ಲ. ಓದಿ ಮುಗಿಸಿದವನ ಎದೆಯಲ್ಲಿ ಹುಟ್ಟುತ್ತದೆ, ಯಾಕೆಂದರೆ ಪ್ರೀತಿಸುವಂಥ ಜನರ ಮೇಲೆ ಲಾಠಿ ಬಂದದ್ದನ್ನು ಅವನು ನೋಡಿದ್ದಾನೆ.

ನಮ್ಮ ಸಿಟ್ಟಿಗೂ ಇದೇ ಹುಟ್ಟೂರು. ಮಗನ ಮೇಲೆ ಪ್ರೀತಿ ಇಲ್ಲದ ತಾಯಿಗೆ ಮಗನನ್ನು ಹೊಡೆದವನ ಮೇಲೆ ಸಿಟ್ಟು ಬರುವುದಿಲ್ಲ. ಆದ್ದರಿಂದ ದಲಿತ ಬರಹಗಳನ್ನು ಓದುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಈ ಬರಹ ಯಾರ ಮೇಲೆ ಸಿಟ್ಟಾಗಿದೆ ಎಂದು ಗುರುತು ಹಾಕಿಕೊಂಡ ಮೇಲೆ ಪೆನ್ನು ಕೆಳಗಿಡಬೇಡಿ. ಯಾರನ್ನು ಪ್ರೀತಿಸಿ ಈ ಸಿಟ್ಟು ಬಂತು, ಆ ಪ್ರೀತಿ ಯಾವ ನ್ಯಾಯಕ್ಕೆ ಕಾಯುತ್ತಿದೆ ಎಂದೂ ಕೇಳಿ. ಆತ್ಮಕತೆಗಳನ್ನು, ತತ್ವಪದಕಾರರನ್ನು, ತಮಟೆಯ ಹಾಡುಗಳನ್ನು, ನಮ್ಮ ಅವ್ವಂದಿರ ಬಾಯಿಮಾತನ್ನು ಈ ಪ್ರಶ್ನೆ ಹಿಡಿದು ಓದುವ ಕೆಲಸ ಇನ್ನೂ ಬಾಕಿ ಇದೆ.